ಬಚ್ಚಲುಮನೆಯ ದೊಡ್ಡ ಜೇಡ, ಮಗಳ ಕುತ್ತಿಗೆಯ ಗುಳ್ಳೆ

ಪ್ರಶ್ನೆ: ನಮ್ಮದು ಬನಶಂಕರಿ ಮೂರನೇ ಹಂತದಲ್ಲಿ ಹಳೇ ಮನೆ. ಹಿಂದೆ ಒಂದು ಸಪೋಟ ಮರ ಇದೆ. ಮಳೆ ಶುರುವಾದಾಗಿನಿಂದ ಎಲ್ಲಿ ನೋಡಿದರೂ ಜೇಡ. ಬಚ್ಚಲುಮನೆ ಗೋಡೆಯ ಮೇಲೆ ಅಂಗೈ ಅಗಲದ್ದೊಂದು ಕೂರುತ್ತದೆ, ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದ್ದೇನೋ ಹಿಡಿದುಕೊಂಡಿದೆ. ಅಟ್ಟದ ತುಂಬ ಉದ್ದಕಾಲಿನವು. ಟಿವಿ ಹತ್ತಿರ ಪುಟ್ಟದೊಂದು ಜಿಗಿದಾಡುತ್ತದೆ. ಸಿಂಕ್ ಕೆಳಗೆ ಕೆಂಪಗಿರುವುದು ಬೇರೆ ಇದೆ, ಅದು ವಿಷದ್ದು ಅಂತ ಮೊಬೈಲ್‌ನಲ್ಲಿ ನೋಡಿದೆ. ಹೋದ ವಾರ ನಾಲ್ಕು ವರ್ಷದ ಮಗಳ ಕುತ್ತಿಗೆಯ ಮೇಲೆ ಉರಿಗುಳ್ಳೆ ಎದ್ದಿತು. ‘ಜೇಡ ಉಚ್ಚೆ ಹೊಯ್ದಿದೆ’ ಅಂತ ನಮ್ಮ ಅತ್ತೆ ಹೇಳುತ್ತಾರೆ. ನಮ್ಮ ಮನೆಯವರು ಪೆಸ್ಟ್ ಕಂಟ್ರೋಲ್ ಕರೆಸೋಣ ಅನ್ನುತ್ತಿದ್ದಾರೆ. ಯಾವ ಜೇಡ ಯಾವುದು, ಯಾವುದಕ್ಕೆ ಹೆದರಬೇಕು, ದಯವಿಟ್ಟು ತಿಳಿಸಿ. ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ಮಗುವಿನ ಗುಳ್ಳೆಯ ವಿಷಯ ಹೇಳಿಬಿಡುತ್ತೇನೆ. ನಿಮಗೆ ನಿದ್ದೆ ಕೆಡಿಸಿರುವುದು ಅದೇ ಇರಬೇಕು.

ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ ಅನ್ನುವ ಮಾತನ್ನು ನಾನೂ ಕೇಳಿಕೊಂಡೇ ಬೆಳೆದವನು. ನಮ್ಮಜ್ಜಿ ಅಂಥ ಗುಳ್ಳೆಗೆ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದರು. ನಿಮ್ಮ ಅತ್ತೆಯವರು ಸುಮ್ಮನೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಚರ್ಮ ಉರಿಯುತ್ತಿರುತ್ತದೆ, ತಲೆ ಎತ್ತಿ ನೋಡಿದರೆ ಗೋಡೆಯ ಮೇಲೆ ಕಾಣುವುದು ಜೇಡವೇ. ಆದರೆ ಗುಳ್ಳೆ ಮಾಡಿದ್ದು ಅದಲ್ಲ. ಜೇಡದ ಮಲ ಮೂತ್ರ ಎರಡೂ ಸೇರಿ ಒಂದೇ ಹನಿಯಾಗಿ ಬೀಳುತ್ತದೆ. ಅದರಲ್ಲಿ ಹೆಚ್ಚಿಗೆ ಇರುವುದು ಗ್ವಾನಿನ್ ಎಂಬ ಬಿಳಿ ಪದಾರ್ಥ. ನಿಮ್ಮ ಅಟ್ಟದ ಬಲೆಯ ಕೆಳಗೆ ನೆಲದ ಮೇಲೆ ಬಿಳಿ ಕಪ್ಪು ಚುಕ್ಕೆಗಳು ಬಿದ್ದಿರುತ್ತವಲ್ಲ, ಅದೇ. ಚರ್ಮ ಸುಡುವ ಗುಣ ಅದಕ್ಕಿಲ್ಲ.

ನಿಮ್ಮ ಫೋಟೊದಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿದ್ದವು. ಕೆಂಪು ಗುರುತು ದುಂಡಗಿಲ್ಲ, ಬ್ರಷ್‌ನಿಂದ ಎಳೆದ ಹಾಗೆ ಉದ್ದಕ್ಕೆ ಹೋಗಿದೆ. ಇನ್ನೊಂದು, ಕುತ್ತಿಗೆಯ ಮಡಿಕೆಯ ಮೇಲೊಂದು ಕೆಳಗೊಂದು ಕನ್ನಡಿಯಲ್ಲಿ ಕಂಡಂತೆ ಒಂದೇ ಆಕಾರದ ಗುರುತಿದೆ. ಇದು ಪೆಡೆರಸ್ ಎಂಬ ಹುಳದ ಕೆಲಸದಂತೆ ಕಾಣುತ್ತದೆ. ನೋಡಲು ಇರುವೆಯ ಹಾಗಿದ್ದರೂ ಅದು ದುಂಬಿಗಳ ಜಾತಿ. ಉದ್ದ ಒಂದು ಸೆಂಟಿಮೀಟರ್ ಒಳಗೆ. ಮೈ ಕಿತ್ತಳೆ, ಕಪ್ಪು ಅಂತ ತುಂಡು ತುಂಡಾಗಿ ಬಣ್ಣ ಹಚ್ಚಿದಂತಿರುತ್ತದೆ, ನಡುವೆ ಹೊಳೆಯುವ ನೀಲಿ ಗಿಡ್ಡ ರೆಕ್ಕೆಕವಚ. ಮಳೆ ಬಿದ್ದ ಮೇಲೆ ಟ್ಯೂಬ್‌ಲೈಟ್‌ಗೆ ಮುತ್ತುವ ಹುಳಗಳ ಜೊತೆ ಒಳಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮೈ ಮೇಲೆ ಹರಿದಾಗ ನಾವು ನಿದ್ದೆಗಣ್ಣಲ್ಲಿ ಉಜ್ಜಿ ಸಾಯಿಸುತ್ತೇವೆ, ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಉಜ್ಜಿದ ದಾರಿಯಲ್ಲೇ ಉರಿ ಏಳುವುದರಿಂದ ಗೆರೆಯಂತೆ ಕಾಣುತ್ತದೆ, ಚರ್ಮ ಮಡಿಚಿದ ಕಡೆ ರಸ ಆಚೆಗೂ ಅಂಟಿ ಜೋಡಿ ಗುರುತು ಮೂಡುತ್ತದೆ. ಅರ್ಧ ದಿನದಿಂದ ಎರಡು ದಿನ ಕಳೆದ ಮೇಲೆ ಗುಳ್ಳೆ ಬರುವುದರಿಂದ ಹುಳದ ನೆನಪೂ ಯಾರಿಗೂ ಇರುವುದಿಲ್ಲ.

ಇನ್ನೊಮ್ಮೆ ಹೀಗಾದರೆ ಕೂಡಲೇ ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗುಳ್ಳೆ ಒಡೆಯಬೇಡಿ, ಆ ಕೈಯಲ್ಲಿ ಮಗು ಕಣ್ಣುಜ್ಜದಂತೆ ನೋಡಿಕೊಳ್ಳಿ. ಕಣ್ಣಿನ ಹತ್ತಿರ ಆಗಿದ್ದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಫೋಟೊ ನೋಡಿ ಚರ್ಮದ ಕಾಯಿಲೆ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಹಾಗಾಗಿ ಮಗುವನ್ನು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಈ ಹುಳದ ಹೆಸರನ್ನೂ ಹೇಳಿ. ಜೇಡದ ಮೇಲೆ ಗೂಬೆ ಕೂರಿಸುವ ಇನ್ನೊಂದು ಕಾಯಿಲೆ ಸರ್ಪಸುತ್ತು. ದೊಡ್ಡವರಿಗೆ ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದು ಒಳಗಿಂದ ಚುಚ್ಚುವ ನೋವಿದ್ದರೆ ‘ಜೇಡ ಹರಿದಿದೆ’ ಅಂತ ಕೆಮ್ಮಣ್ಣು ಹಚ್ಚಿಕೊಂಡು ಕೂರಬಾರದು. ಅದರ ಔಷಧಿ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಕೆಲಸ ಮಾಡುತ್ತದೆ. ತಪ್ಪನ್ನು ಜೇಡದ ತಲೆಗೆ ಕಟ್ಟಿ ಆ ಮೂರು ದಿನ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಈಗ ಜೇಡಗಳಿಗೆ ಬರೋಣ.

ಯಾರೇ ಫೋಟೊ ಕಳಿಸಿದರೂ ಮೊದಲು ಹೇಳುವುದು ಬಣ್ಣ: ‘ಕಂದು ಜೇಡ’, ‘ಕೆಂಪು ಜೇಡ’ ಅಂತ. ಬಣ್ಣವನ್ನು ನೆಚ್ಚಬೇಡಿ. ಪೊರೆ ಬಿಟ್ಟ ಹೊಸದರಲ್ಲಿ ಒಂದು ಬಣ್ಣ, ಹೊಟ್ಟೆ ತುಂಬಿದಾಗ ಇನ್ನೊಂದು. ಗಂಡು ಹೆಣ್ಣು ಬೇರೆ ಬೇರೆ ಜಾತಿಯವೇನೋ ಅನ್ನುವಷ್ಟು ಬೇರೆಯಾಗಿರುತ್ತವೆ. ಕೂರುವ ಭಂಗಿ, ಬಲೆಯ ಆಕಾರ, ಮೊಟ್ಟೆಯನ್ನು ಎಲ್ಲಿ ಇಟ್ಟುಕೊಂಡಿದೆ ಅನ್ನುವುದು ಮಾತ್ರ ಸುಳ್ಳು ಹೇಳುವುದಿಲ್ಲ. ಪ್ರಪಂಚದಲ್ಲಿ ಹೆಸರಿಟ್ಟ ಜೇಡಗಳ ಲೆಕ್ಕ 2022ರಲ್ಲೇ 50,000 ದಾಟಿತು. ಆದರೆ ಬೆಂಗಳೂರಿನ ಒಂದು ಮನೆಯ ಗೋಡೆಯ ಒಳಗೆ ಪದೇ ಪದೇ ಕಾಣುವುದು ಹತ್ತು ಹನ್ನೆರಡು ಬಗೆ ಅಷ್ಟೆ. ಅವನ್ನು ಬರಿಗಣ್ಣಲ್ಲೇ ಗುರುತಿಸಬಹುದು.

ಬಚ್ಚಲುಮನೆಯ ಅಂಗೈ ಅಗಲದ್ದು ಬೇಟೆಗಾರ ಜೇಡ. ವೈಜ್ಞಾನಿಕ ಹೆಸರು ಹೆಟೆರೊಪೋಡ ವೆನಟೋರಿಯ, ಅದರಲ್ಲಿ ವೆನಟೋರಿಯ ಅನ್ನುವುದು 1767ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟದ್ದು. ಮನುಷ್ಯರ ಸರಕಿನ ಜೊತೆ, ಅದರಲ್ಲೂ ಬಾಳೆಗೊನೆಯ ಜೊತೆ ಹಡಗು ಹತ್ತಿ ಪ್ರಪಂಚದ ಬೆಚ್ಚನೆಯ ಊರುಗಳಿಗೆಲ್ಲ ಹರಡಿಕೊಂಡಿದೆ. ಮೈ ಎರಡು ಮೂರು ಸೆಂಟಿಮೀಟರ್ ಅಷ್ಟೆ, ಕಾಲು ಚಾಚಿದರೆ ಮಾತ್ರ ಹತ್ತು ಹನ್ನೆರಡು ಸೆಂಟಿಮೀಟರ್ ಆಗುತ್ತದೆ. ನೀವು ಹೆದರಿದ್ದು ಆ ಕಾಲುಗಳಿಗೆ. ಹೆಚ್ಚಿನ ಜೇಡಗಳ ಕಾಲು ಮೇಲೆದ್ದು ಕೆಳಗೆ ಬಾಗಿರುತ್ತವೆ, ಇದರ ಕಾಲುಗಳು ಏಡಿಯ ಕಾಲಿನಂತೆ ಪಕ್ಕಕ್ಕೆ ತಿರುಗಿವೆ. ಅದರಿಂದಲೇ ಅದು ಗೋಡೆಗೆ ಚಪ್ಪಟೆಯಾಗಿ ಅಂಟಿ ಕೂತು ಕ್ಯಾಲೆಂಡರ್ ಹಿಂದೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ನುಸುಳಿ ಹೋಗುತ್ತದೆ. ಬೆಳಕು ಹಾಕಿ ಎದುರಿನಿಂದ ನೋಡಿದರೆ ಕಣ್ಣುಗಳ ಕೆಳಗೆ ವಿಭೂತಿ ಎಳೆದ ಹಾಗೆ ತಿಳಿಹಳದಿ ಅಡ್ಡಪಟ್ಟೆ ಕಾಣುತ್ತದೆ. ಅದು ಕಂಡರೆ ಇನ್ನು ಅನುಮಾನವೇ ಬೇಡ.

ಅದು ಬಲೆ ಕಟ್ಟುವುದಿಲ್ಲ. ಹಗಲು ಅಡಗಿದ್ದು ರಾತ್ರಿ ಹೊರಗೆ ಬಂದು ಜಿರಳೆ ಹಿಡಿಯುತ್ತದೆ. ನಮ್ಮ ಮನೆಯ ಯುಟಿಲಿಟಿಯಲ್ಲಿ ಒಂದು ರಾತ್ರಿ ಸ್ವಿಚ್ ಹಾಕಿದಾಗ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾತ್ರೆ ತೊಳೆಯುವ ಕಲ್ಲಿನ ಅಂಚಿನಲ್ಲಿ ದೊಡ್ಡ ಕೆಂಪು ಜಿರಳೆ ಮೀಸೆ ಆಡಿಸುತ್ತಿತ್ತು. ಒಂದೂವರೆ ಅಡಿ ಮೇಲೆ ಗೋಡೆಯಲ್ಲಿ ಈ ಜೇಡ. ಎಷ್ಟೋ ಹೊತ್ತು ಎರಡೂ ಅಲ್ಲಾಡಲಿಲ್ಲ. ಜೇಡ ಮುಂದಿನ ಒಂದು ಕಾಲನ್ನು ಮಾತ್ರ ಕೂದಲೆಳೆಯಷ್ಟು ಎತ್ತಿ ಮತ್ತೆ ಇಟ್ಟಿತು. ಆಮೇಲೆ ನಡೆದದ್ದು ನನಗೆ ಕಾಣಲೇ ಇಲ್ಲ, ಜಿರಳೆ ಅದರ ಬಾಯಲ್ಲಿತ್ತು. ಬೆಳಿಗ್ಗೆ ಕಲ್ಲಿನ ಮೇಲೆ ಎರಡು ರೆಕ್ಕೆ, ಮೂರು ಮುಳ್ಳುಕಾಲು ಉಳಿದಿದ್ದವು.

ಹೊಟ್ಟೆಯ ಕೆಳಗಿನ ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ. ಹತ್ತು ರೂಪಾಯಿ ನಾಣ್ಯದಂತೆ ಚಪ್ಪಟೆಯಾಗಿರುವ ಅದರೊಳಗೆ ನೂರಾರು ಮೊಟ್ಟೆಗಳಿರುತ್ತವೆ. ಮರಿ ಆಗುವವರೆಗೆ ಕೆಲವು ವಾರ ತಾಯಿ ಅದನ್ನು ಕೆಳಗಿಡದೆ ಹೊತ್ತು ತಿರುಗುತ್ತದೆ, ಆ ದಿನಗಳಲ್ಲಿ ಬೇಟೆಗೆ ಹೋಗುವುದೂ ಅಪರೂಪ. ನಿಮ್ಮದು ಒಂದೇ ಜಾಗದಲ್ಲಿ ದಿನಗಟ್ಟಲೆ ಕೂತಿದ್ದರೆ ಕಾರಣ ಅದು. ಇಂಥ ಸಮಯದಲ್ಲಿ ಕೈ ಹಾಕಿದರೆ ಕಚ್ಚಬಹುದು. ನೋವು, ಸ್ವಲ್ಪ ಊತ ಬಂದು ಇಳಿದುಹೋಗುತ್ತದೆ. ತಾನಾಗಿ ಮೇಲೆ ಬಿದ್ದು ಕಚ್ಚುವ ಸ್ವಭಾವ ಅದಕ್ಕಿಲ್ಲ, ಮನುಷ್ಯರ ನೆರಳು ಕಂಡರೆ ಓಡುತ್ತದೆ. ಕೆಲವರು ‘ಒಂದೇ ಕಡೆ ಎರಡು ಕೂತಿವೆ, ಒಂದು ಅಲ್ಲಾಡುವುದೇ ಇಲ್ಲ’ ಅನ್ನುತ್ತಾರೆ. ಆ ಅಲ್ಲಾಡದ್ದು ಬಹಳ ಸಲ ಬಿಟ್ಟುಹೋದ ಪೊರೆ. ಕಾಲಿನ ಕೂದಲ ಸಮೇತ ಇಡೀ ಜೇಡವೇ ಅಂಟಿಕೊಂಡಂತೆ ಕಾಣುತ್ತದೆ, ಉಫ್ ಅಂದರೆ ಹಾರಿಹೋಗುತ್ತದೆ.

ಮೊಟ್ಟೆಯ ಮಾತು ಬಂದದ್ದರಿಂದ ಒಂದು ಸುಲಭದ ಗುರುತು ಹೇಳುತ್ತೇನೆ. ಮೊಟ್ಟೆಯನ್ನು ಹೊಟ್ಟೆಯಡಿ ಬಿಲ್ಲೆ ಮಾಡಿ ಹಿಡಿದದ್ದು ಬೇಟೆಗಾರ. ಬಾಲದ ತುದಿಗೆ ಗುಂಡಗಿನ ಗಂಟು ಕಟ್ಟಿಕೊಂಡು ಹುಲ್ಲಿನಲ್ಲಿ, ಕುಂಡದ ಮಣ್ಣಿನಲ್ಲಿ ಓಡುವುದು ತೋಳ ಜೇಡ. ಬಾಯಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ನೇತಾಡುವುದು ನಿಮ್ಮ ಅಟ್ಟದ ಉದ್ದಕಾಲಿನದು.

ಆ ಉದ್ದಕಾಲಿನವನ್ನು ಹತ್ತಿರದಿಂದ ನೋಡಿ. ತಾಯಿ ಬಾಯಲ್ಲಿ ಹಿಡಿದ ಮೊಟ್ಟೆಗೆ ನಾಲ್ಕಾರು ಎಳೆ ನೂಲು ಬಿಟ್ಟರೆ ಬೇರೆ ಹೊದಿಕೆಯಿಲ್ಲ. ಸಬ್ಬಕ್ಕಿ ಅಂಟಿಸಿ ಉಂಡೆ ಮಾಡಿದಂತೆ ಒಂದೊಂದು ಮೊಟ್ಟೆಯನ್ನೂ ಎಣಿಸಬಹುದು. ನಮ್ಮೂರಿನ ಮನೆಗಳಲ್ಲಿ ಹೆಚ್ಚು ಕಾಣುವುದು ಕ್ರಾಸೊಪ್ರೈಜ ಲಯೋನಿ. ಪಕ್ಕದಿಂದ ನೋಡಿದರೆ ಅದರ ಹೊಟ್ಟೆಯ ಹಿಂದಿನ ಮೇಲ್ತುದಿ ಮೂಲೆಯಂತೆ ಎದ್ದಿರುತ್ತದೆ, ಪುಟ್ಟ ಪೆಟ್ಟಿಗೆಗೆ ಕಾಲು ಬಂದ ಹಾಗೆ. ಗ್ಯಾರೇಜ್, ಸಂಪ್ ಮುಚ್ಚಳದ ಕೆಳಗೆ ಇದರ ದೊಡ್ಡಣ್ಣ ಆರ್ಟೆಮ ಅಟ್ಲಾಂಟ ಸಿಗುತ್ತದೆ, ಹೊಟ್ಟೆ ಗೋಲಿಯಂತೆ ಗುಂಡಗೆ. ಎರಡರದ್ದೂ ಒಂದೇ ಅಭ್ಯಾಸ: ಮುಟ್ಟಲು ಹೋದರೆ ಬಲೆಯಲ್ಲೇ ಮೈಯನ್ನು ಗಿರಗಿರ ತಿರುಗಿಸುತ್ತವೆ, ಎಷ್ಟು ಜೋರಾಗಿ ಅಂದರೆ ಜೇಡ ಮಾಯವಾಗಿ ಮಸುಕು ಮಾತ್ರ ಉಳಿಯುತ್ತದೆ. ಹಕ್ಕಿಗೋ ಹಲ್ಲಿಗೋ ಗುರಿ ಸಿಗದಿರಲಿ ಅಂತ ಮಾಡುವ ಉಪಾಯ ಅದು. ಇವು ಪ್ರಪಂಚದ ಅತಿ ವಿಷದ ಜೇಡಗಳು, ಹಲ್ಲು ಮಾತ್ರ ಗಿಡ್ಡ ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ನನಗೆ ಬರುತ್ತದೆ. ಸುಳ್ಳು. ಇವು ತಿನ್ನುವುದು ಸೊಳ್ಳೆ, ಇರುವೆ, ಬೇರೆ ಜೇಡ. ಡೆಂಗಿಯ ಸೊಳ್ಳೆಯನ್ನೂ ಹಿಡಿಯುತ್ತವೆ. ಜಯನಗರವಾಗಲಿ ವೈಟ್‌ಫೀಲ್ಡ್ ಆಗಲಿ, ಮಳೆಗಾಲದಲ್ಲಿ ಡೆಂಗಿಗೆ ಹೆದರುವ ನಾವು ಇವನ್ನು ಕೊಲ್ಲಲು ದುಡ್ಡು ಕೊಡುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಟಿವಿಯ ಹತ್ತಿರ ಜಿಗಿದಾಡುವ ಪುಟ್ಟದರ ಮೇಲೆ ನನಗೆ ವಿಶೇಷ ಪ್ರೀತಿ. ನೀವು ಕಳಿಸಿದ್ದು ಪ್ಲೆಕ್ಸಿಪಸ್ ಪೇಕುಲಿಯ ಗಂಡು: ಕಪ್ಪು ಮೈ, ತಲೆಯಿಂದ ಬಾಲದವರೆಗೆ ಬಿಳಿ ಪಟ್ಟೆಗಳು. ಹೆಣ್ಣು ಕಂದು ಬೂದು. ಕಾಂಪೌಂಡ್ ಗೋಡೆಯ ಬಿಸಿಲಲ್ಲಿ ಬೂದಿ ಬಣ್ಣದ ಚಪ್ಪಟೆ ಮೈಯದ್ದು ಕಂಡರೆ ಅದು ಮೆನೆಮೆರಸ್. ಕಪ್ಪು ಮೈಗೆ ಅರ್ಧಚಂದ್ರದ ಬಿಳಿ ಗೆರೆ ಇದ್ದು, ಬಾಯಿ ಪಕ್ಕದ ಪುಟ್ಟ ಕೈಗಳೂ ಬಿಳಿ ಇದ್ದರೆ ಹಸೇರಿಯಸ್ ಗಂಡು. ಇವಕ್ಕೂ ಬೇಟೆಯ ಬಲೆ ಇಲ್ಲ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ಹೆಡ್‌ಲೈಟ್‌ನಂತೆ ದೊಡ್ಡವು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಬೆರಳನ್ನು ಅದರ ಮುಂದೆ ಅರ್ಧ ಅಡಿ ದೂರದಲ್ಲಿ ಎಡಕ್ಕೆ ಬಲಕ್ಕೆ ನಿಧಾನವಾಗಿ ಆಡಿಸಿ. ಅದು ಬೆರಳಿನ ಕಡೆಗೇ ಮುಖ ತಿರುಗಿಸಿ ನೋಡುತ್ತದೆ. ಬೇರೆ ಯಾವ ಹುಳವೂ ನಮ್ಮನ್ನು ಹೀಗೆ ನೋಡಿದ ಅನುಭವ ಕೊಡುವುದಿಲ್ಲ. ಜಿಗಿಯುವುದಕ್ಕೆ ತೊಡೆಯ ಬಲ ಸಾಲದು, ಮೈಯೊಳಗಿನ ರಸವನ್ನು ಒತ್ತಡದಿಂದ ಹಿಂಗಾಲಿಗೆ ನೂಕಿ ಕಾಲನ್ನು ಝಾಡಿಸುತ್ತದೆ. ಜಿಗಿಯುವ ಮೊದಲು ನಿಂತ ಜಾಗಕ್ಕೆ ಒಂದು ನೂಲು ಅಂಟಿಸಿರುತ್ತದೆ, ತಪ್ಪಿ ಬಿದ್ದರೆ ಅದೇ ಹಗ್ಗ.

ಇದೇ ಪ್ಲೆಕ್ಸಿಪಸ್‌ನ ಬಳಗದಲ್ಲಿ 2024ರಲ್ಲಿ ಒಂದು ಹೊಸ ಕುಲಕ್ಕೆ ವಿಜ್ಞಾನಿಗಳು ‘ತೆಂಕಣ’ ಅಂತ ಹೆಸರಿಟ್ಟರು. ನಮ್ಮ ತೆಂಕಣ ಗಾಳಿಯ ತೆಂಕಣವೇ, ದಕ್ಷಿಣದ್ದು ಅನ್ನುವ ಅರ್ಥದಲ್ಲಿ. ಅದರಲ್ಲಿ ಕರ್ನಾಟಕದಲ್ಲೇ ಸಿಕ್ಕ ಒಂದರ ಹೆಸರು ತೆಂಕಣ ಜಯಮಂಗಲಿ. ಇನ್ನು ‘ಜೇಡ’ ಅನ್ನುವ ಪದದ ಹಳೆಯ ಅರ್ಥ ನೇಯುವವನು. ಜೇಡರ ದಾಸಿಮಯ್ಯನ ಜೇಡ ಅದೇ. ಮಗ್ಗದ ಮುಂದೆ ಕೂತವನಿಗೂ ಮೂಲೆಯಲ್ಲಿ ಕೂತದ್ದಕ್ಕೂ ಒಂದೇ ಹೆಸರು ಕೊಟ್ಟ ಭಾಷೆ ನಮ್ಮದು.

ಸಿಂಕ್ ಕೆಳಗಿನ ಕೆಂಪು ಜೇಡ. ಇದನ್ನು ನೋಡಿ ನೀವು ಹೆದರಿದ್ದರಲ್ಲಿ ತಪ್ಪಿಲ್ಲ, ಮೊಬೈಲ್‌ನಲ್ಲಿ ಹುಡುಕಿದರೆ ಅದು ಮೊದಲು ತೋರಿಸುವುದೇ ಕಪ್ಪು ವಿಧವೆ, ಕೆಂಬೆನ್ನಿನ ಜೇಡಗಳ ಚಿತ್ರವನ್ನು. ನಿಮ್ಮದು ನೆಸ್ಟಿಕೋಡಿಸ್ ರೂಫಿಪೆಸ್, ಮನೆಯ ಕೆಂಪು ಜೇಡ. ಅದೇ ಕುಟುಂಬದ ಸಾಧು. ಮೆಣಸಿನ ಕಾಳಿಗಿಂತ ದೊಡ್ಡದಾಗದ ಗುಂಡು ಹೊಟ್ಟೆ, ಮೈ ಕಾಲು ಎಲ್ಲ ಒಂದೇ ಇಟ್ಟಿಗೆ ಕೆಂಪು. ಅಡ್ಡಾದಿಡ್ಡಿ ಎಳೆದ ಎಳೆಗಳ ನಡುವೆ ತಲೆಕೆಳಗಾಗಿ ಇರುತ್ತದೆ. ಕೆಳಗೆ ನೆಲಕ್ಕೆ ಬಿಗಿದ ಎಳೆಗಳ ಬುಡದಲ್ಲಿ ಅಂಟು ಇರುತ್ತದೆ. ಇರುವೆಯೋ ಜಿರಳೆ ಮರಿಯೋ ತಾಗಿದ ಕೂಡಲೇ ಎಳೆ ಬಿಟ್ಟುಕೊಂಡು, ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆ ಹೋಗುತ್ತದೆ.

ವಿಧವೆ ಜೇಡಗಳ ಗುಂಪಿನವು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅನ್ನುವುದು ತಪ್ಪಾಗುತ್ತದೆ. ಇವೆ. ಅವುಗಳ ಗುರುತು ಬೇರೆ: ಹೆಣ್ಣಿನ ಹೊಟ್ಟೆ ಬಟಾಣಿ ಗಾತ್ರ, ಮಿರಮಿರ ಮಿಂಚುವ ಕಪ್ಪು ಅಥವಾ ಕಂದು. ಬೆನ್ನಿನ ಮೇಲೆ ಕೆಂಪು ಪಟ್ಟೆ ಇರಬಹುದು, ಇಲ್ಲವೇ ಹೊಟ್ಟೆಯ ಕೆಳಗೆ ಡಮರುವಿನ ಆಕಾರದ ಕೆಂಪು ಗುರುತು. ಕಂದು ವಿಧವೆ ಪ್ರಪಂಚದ ಬೆಚ್ಚನೆಯ ನಾಡುಗಳಿಗೆಲ್ಲ ಹರಡುತ್ತಿರುವ ಜೇಡ. ಅದರ ಮೊಟ್ಟೆಚೀಲ ಒಮ್ಮೆ ನೋಡಿದರೆ ಮರೆಯುವುದಿಲ್ಲ, ನೆಗ್ಗಿಲು ಮುಳ್ಳಿನಂತೆ ಸುತ್ತ ಮುಳ್ಳು ಎದ್ದಿರುತ್ತವೆ. ಇಷ್ಟು ವರ್ಷಗಳಲ್ಲಿ ಬೆಂಗಳೂರಿನ ಯಾವ ಅಡುಗೆಮನೆಯಲ್ಲೂ ನಾನು ಈ ಗುಂಪಿನದನ್ನು ಕಂಡಿಲ್ಲ. ಆದರೂ ಹಿತ್ತಲಿನ ಕಲ್ಲು, ಒಡೆದ ಕುಂಡ, ಹಳೇ ಹೆಂಚಿನ ರಾಶಿ ಎತ್ತುವಾಗ ದಪ್ಪ ಕೈಗವಸು ಹಾಕಿಕೊಳ್ಳಿ. ಅಲ್ಲಿ ಜೇಡಕ್ಕಿಂತ ಚೇಳಿನ ಭಯ ಹೆಚ್ಚು. ಜೇಡ ಕಚ್ಚಿದ್ದು ಕಣ್ಣಾರೆ ಕಂಡಿದ್ದು, ಆಮೇಲೆ ಮೈ ಸೆಳೆತ, ಬೆವರು, ಉಸಿರಾಟದ ತೊಂದರೆ, ಹರಡುತ್ತಿರುವ ಊತ ಇದರಲ್ಲಿ ಯಾವುದಾದರೂ ಇದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಜೇಡವನ್ನು ಡಬ್ಬಿಯಲ್ಲೋ ಫೋಟೊದಲ್ಲೋ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಬರೀ ನೋವು, ಕೆಂಪು ಇದ್ದರೆ ಸೋಪು ನೀರಲ್ಲಿ ತೊಳೆದು ಐಸ್ ಇಟ್ಟರೆ ಸಾಕು. ಸುಣ್ಣ ಹಚ್ಚಬೇಡಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ವಿಚ್‌ಬೋರ್ಡಿನ ಪಕ್ಕ, ಗೋಡೆಯ ಸಣ್ಣ ಗುಂಡಿಯ ಮೇಲೆ ನಾಣ್ಯದಷ್ಟು ಅಗಲದ ಬಿಳಿ ತೇಪೆ ಇದ್ದರೆ ಅದು ಓಕೋಬಿಯಸ್‌ನ ಮನೆ. ಜೇಡ ಎಳ್ಳಿನಷ್ಟಿರುತ್ತದೆ. ಇರುವೆ ಬಂದರೆ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ ನೂಲಿನಲ್ಲಿ ನೆಲಕ್ಕೆ ಕಟ್ಟಿಹಾಕುತ್ತದೆ. ಪುಸ್ತಕದ ಬೀರುವಿನ ಹಿಂದೆ ಗೂನುಬೆನ್ನಿನ, ಬಹಳ ನಿಧಾನಕ್ಕೆ ನಡೆಯುವ ಜೇಡ ಕಂಡರೆ ಅದು ಉಗುಳು ಜೇಡ. ಇದಕ್ಕೆ ಆರೇ ಕಣ್ಣು. ಬೇಟೆಯ ಮೇಲೆ ಅಂಟು ಉಗುಳಿ ಗೋಡೆಗೆ ಅಂಟಿಸಿಬಿಡುತ್ತದೆ. ಸಂಜೆ ಗೇಟಿನ ದೀಪದ ಬಳಿ ಚಕ್ರದಂಥ ದೊಡ್ಡ ಬಲೆ ಕಟ್ಟಿ ಬೆಳಗಾಗುವಷ್ಟರಲ್ಲಿ ಅದನ್ನು ತಾನೇ ತಿಂದು ಮಾಯವಾಗುವುದು ನಿಯೋಸ್ಕೋನ. ಬೇಲಿಯ ಗಿಡದಲ್ಲಿ ಕಾಲುಗಳನ್ನು ಎರಡೆರಡಾಗಿ ಜೋಡಿಸಿ X ಆಕಾರದಲ್ಲಿ ಕೂತು, ಬಲೆಗೆ ದಪ್ಪನೆ ಬಿಳಿ ಅಂಕುಡೊಂಕು ಹೊಲಿಗೆ ಹಾಕಿದ್ದರೆ ಅದು ಆರ್ಜಿಯೋಪೆ, ಸಹಿ ಜೇಡ ಅನ್ನುತ್ತಾರೆ. ಮರದ ಮೇಲೆ ಚಗಳಿ ಇರುವೆಗಳಿದ್ದರೆ ಅವುಗಳ ನಡುವೆ ಒಂದನ್ನು ಹುಡುಕಿ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿ ಆಡಿಸುತ್ತ ಓಡಾಡುವ ಆ ‘ಇರುವೆ’ ಒಂದು ಜಿಗಿಯುವ ಜೇಡ. ಕಾಲು ಎಣಿಸಿದರೆ ಎಂಟು.

ಪೆಸ್ಟ್ ಕಂಟ್ರೋಲ್ ಬಗ್ಗೆ ನನ್ನ ಅನುಭವ ಒಂದಿದೆ. ಬಹಳ ಹಿಂದೆ ಬಾಡಿಗೆ ಮನೆಯೊಂದರಲ್ಲಿ ಇದ್ದಾಗ ಮಾಲೀಕರು ನಾವಿಲ್ಲದ ದಿನ ಮನೆಯೆಲ್ಲ ಔಷಧಿ ಹೊಡೆಸಿದರು. ಬಂದು ನೋಡಿದರೆ ಬೇಟೆಗಾರ ಜೇಡಗಳು ಕಾಲು ಮಡಚಿ ನೆಲದ ಮೇಲೆ ಬಿದ್ದಿದ್ದವು, ಒಂದು ಮೊಟ್ಟೆಚೀಲ ಬಿಡದೆಯೇ ಸತ್ತಿತ್ತು. ಎರಡು ತಿಂಗಳಿಗೆ ಚರಂಡಿಯ ಜಾಲರಿಯಿಂದ ಜಿರಳೆಗಳು ಮತ್ತೆ ಬಂದವು. ಜೇಡಗಳು ಬರಲು ವರ್ಷವೇ ಆಯಿತು. ಜಿರಳೆಗೆ ಊಟವಿರುವ ಮನೆಯಲ್ಲಿ ಜೇಡ ಇರುತ್ತದೆ. ಜೇಡ ಕಡಿಮೆ ಆಗಬೇಕಾದರೆ ಅದರ ಊಟ ಕಡಿಮೆ ಮಾಡಿ. ರಾತ್ರಿ ಸಿಂಕ್‌ನಲ್ಲಿ ಎಂಜಲು ಪಾತ್ರೆ ಬಿಡಬೇಡಿ, ಚರಂಡಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಜಿರಳೆಗೆ ಔಷಧಿ ಬೇಕೇ ಬೇಕು ಅಂದರೆ ಗೋಡೆಗೆಲ್ಲ ಸ್ಪ್ರೇ ಹೊಡೆಸುವ ಬದಲು ಸಂದಿಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುವ ಜೆಲ್ ಇಡಿಸಿ, ಅದೂ ಮಗುವಿನ ಕೈಗೆಟುಕದ ಕಡೆ. ಹೊರಗಿನ ಬಿಳಿ ದೀಪದ ಬದಲು ಹಳದಿ ದೀಪ, ಕಿಟಕಿಗೆ ಮೆಶ್, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಪೆಡೆರಸ್ ಹುಳ ಒಳಗೆ ಬರುವುದೂ ಇದರಿಂದಲೇ ಕಡಿಮೆಯಾಗುತ್ತದೆ. ಮಗುವಿನ ಹಾಸಿಗೆಯನ್ನು ಟ್ಯೂಬ್‌ಲೈಟಿನ ನೇರ ಕೆಳಗಿಂದ ಸರಿಸಿ, ಮಲಗಿಸುವ ಮೊದಲು ಹೊದಿಕೆ ಕೊಡವಿ.

ಬಲೆ ಹೊಡೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಗೌರಿ ಗಣೇಶ ಹತ್ತಿರ ಬಂತೆಂದರೆ ಉದ್ದ ಕೋಲಿನ ಪೊರಕೆ ಹಿಡಿದು ಇಲ್ಲಣ ತೆಗೆಯುವವರಲ್ಲಿ ನಾನೂ ಒಬ್ಬ. ಧೂಳು ಹಿಡಿದು ಜೋತಾಡುವ ಬಲೆ ಜೇಡವೂ ಬಿಟ್ಟುಹೋದದ್ದೇ ಹೆಚ್ಚು, ಅದನ್ನು ತೆಗೆಯಿರಿ. ಯುಟಿಲಿಟಿಯ ಒಂದು ಮೂಲೆ, ಅಟ್ಟದ ಒಂದು ಮೂಲೆ, ಇಷ್ಟನ್ನು ಉದ್ದಕಾಲಿನವಕ್ಕೆ ಬಿಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಕೊನೆಗೆ ಬಚ್ಚಲುಮನೆಯ ತಾಯಿ. ನಿಮಗೆ ಸಾಧ್ಯವಾದರೆ ಮರಿ ಆಗುವವರೆಗೆ ಬಿಡಿ. ಮರಿಗಳು ಕೆಲವೇ ದಿನಗಳಲ್ಲಿ ಚದುರಿ ಹೋಗುತ್ತವೆ, ಬದುಕುವುದು ಬೆರಳೆಣಿಕೆಯಷ್ಟು. ಅದು ಇದ್ದರೆ ಮಗು ಸ್ನಾನಕ್ಕೆ ಬರುವುದಿಲ್ಲ ಅನ್ನುವುದಾದರೆ ರಾತ್ರಿ ಎಂಟರ ಮೇಲೆ ಹೀಗೆ ಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಒಂದು, ದಪ್ಪ ಲಗ್ನಪತ್ರಿಕೆ ಒಂದು ತೆಗೆದುಕೊಳ್ಳಿ. ಡಬ್ಬವನ್ನು ಮೇಲಿನಿಂದ ನಿಧಾನವಾಗಿ ಜೇಡದ ಮೇಲೆ ಬೋರಲು ಹಾಕಿ, ಕಾಲು ಒಂದೂ ಅಂಚಿಗೆ ಸಿಕ್ಕಬಾರದು. ಕಾಗದವನ್ನು ಗೋಡೆಗೂ ಡಬ್ಬಕ್ಕೂ ನಡುವೆ ಕೂದಲು ಕೂದಲಾಗಿ ತೂರಿಸಿ, ಜೇಡ ತಾನೇ ಕಾಲೆತ್ತಿ ಕಾಗದದ ಮೇಲೆ ಬರುತ್ತದೆ. ಚೀಲ ಕೆಳಗೆ ಬಿದ್ದರೆ ಗಾಬರಿಯಾಗದೆ ಅದನ್ನೂ ಡಬ್ಬದೊಳಗೆ ಇಡಿ, ಬಹಳ ಸಲ ಮತ್ತೆ ಎತ್ತಿಕೊಳ್ಳುತ್ತದೆ. ಸಪೋಟ ಮರದ ಬುಡಕ್ಕೆ ಒಯ್ದು ಡಬ್ಬವನ್ನು ಬೊಡ್ಡೆಗೆ ಒರಗಿಸಿ ಕಾಗದ ತೆಗೆದು ಹಿಂದೆ ಸರಿಯಿರಿ.

ಅದು ಹತ್ತಿ ಹೋದ ಮೇಲೆ, ಟಾರ್ಚ್ ಕೈಯಲ್ಲೇ ಇರುವಾಗ, ಆ ಬೊಡ್ಡೆಯನ್ನು ಬೆಳಕಿನಲ್ಲಿ ಪಕ್ಕದಿಂದ ಒಮ್ಮೆ ಸವರಿ ನೋಡಿ. ತೊಗಟೆಯ ಬಣ್ಣದ್ದೇ ಒಂದು ಚಪ್ಪಟೆ ಜೇಡ ತಲೆ ಕೆಳಗೆ ಮಾಡಿ ಅಂಟಿಕೊಂಡಿರಬಹುದು, ಹಿಂದೆ ಎರಡು ಉದ್ದ ಬಾಲ. ಹೆಸರು ಹರ್ಸಿಲಿಯ. ನಿಮ್ಮ ಹಿತ್ತಲಿನಂಥ ಹಳೇ ಮರಗಳ ಮೇಲೆ, ಲಾಲ್‌ಬಾಗ್‌ನ ದೊಡ್ಡ ಮರಗಳ ಮೇಲೆ ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಬಾಲಗಳು ನೂಲು ಬಿಡುವ ಅಂಗಗಳು. ಒಂದು ಇರುವೆ ಹತ್ತಿರ ಬರುವವರೆಗೆ ನೀವು ಕಾದು ನಿಂತರೆ, ಅದು ಇರುವೆಯ ಕಡೆ ಬಾಲ ತಿರುಗಿಸಿ ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತ ನೂಲಿನಲ್ಲಿ ಸುತ್ತುವುದನ್ನು ಕಾಣಬಹುದು.